ಕೌದಿಯೊಳಗಿನ ದುಡ್ಡು, ಬೇರೆಯವರು ಬರೆದ ಪ್ರೇಮಪತ್ರ: 'ಇಂಟಿಮೇಟ್ ಅಪ್ಯಾರಲ್' ನಾಟಕ ನೋಡಿ ಬಂದೆ

ಮೊದಲೇ ಹೇಳಿಬಿಡುತ್ತೇನೆ. 'ಇಂಟಿಮೇಟ್ ಅಪ್ಯಾರಲ್' ಅನ್ನುವ ಈ ನಾಟಕ ನಿಮ್ಮ ಊರಿನ ಹತ್ತಿರ ಎಲ್ಲಾದರೂ ಆಡುತ್ತಿದ್ದರೆ, ಬೇರೆ ಕೆಲಸ ಬದಿಗಿಟ್ಟು ಹೋಗಿ ನೋಡಿ. ನಾನು ನೋಡಿ ಬಂದು ಎರಡು ವಾರ ಆಯಿತು. ಇನ್ನೂ ಬಟ್ಟೆ ಮಡಚುವಾಗ, ಬೀರುವಿನಲ್ಲಿ ಸೀರೆ ಜೋಡಿಸುವಾಗ ಅದೇ ನೆನಪಾಗುತ್ತದೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿನ ಒಂದು ಚಿಕ್ಕ ತಂಡ ಆಡಿದ್ದು. ನೂರು ಕುರ್ಚಿಯೂ ಇಲ್ಲದ ಸಭಾಂಗಣ, ಹಗಲೆಲ್ಲ ಬೇರೆ ಕೆಲಸ ಮಾಡಿ ಸಂಜೆ ಬಂದು ಬಣ್ಣ ಹಚ್ಚುವ ನಟರು. ಟಿಕೆಟ್ 28 ಡಾಲರ್. ಜೊತೆಗೆ ಬಂದವಳು ಅವ್ವ. ಹಾವೇರಿ ಕಡೆಯ ನಮ್ಮೂರಿಂದ ಆರು ತಿಂಗಳಿಗೆ ಅಂತ ಬಂದಿದ್ದಾಳೆ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಕರೆದುಕೊಂಡು ಹೋಗಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಆದರೆ ನಾಟಕದ ನಾಯಕಿ ಹೊಲಿಗೆ ಹಾಕುವವಳು, ಅವ್ವ ಮೂವತ್ತು ವರ್ಷ ಊರಿನ ಹೆಂಗಸರಿಗೆಲ್ಲ ಜಂಪರ್ ಹೊಲಿದವಳು. ಕಾರಿನಲ್ಲಿ ಹೋಗುವಾಗ ಹತ್ತು ನಿಮಿಷದಲ್ಲಿ ಕಥೆ ಹೇಳಿದೆ. ಸಾಕಾಯಿತು.

ಕಥೆ 1905ರ ನ್ಯೂಯಾರ್ಕಿನದು. ಎಸ್ತರ್ ಅಂತ ಒಬ್ಬ ಕಪ್ಪು ಹೆಂಗಸು, ವಯಸ್ಸು 35, ಮದುವೆಯಾಗಿಲ್ಲ. ಮ್ಯಾನ್‌ಹ್ಯಾಟನ್ನಿನ ಒಂದು ಬೋರ್ಡಿಂಗ್ ಮನೆಯಲ್ಲಿ ಒಂದು ಕೋಣೆ ಹಿಡಿದು, ಹೆಂಗಸರ ಒಳಉಡುಪು ಹೊಲಿಯುತ್ತಾಳೆ. ಒಳಉಡುಪು ಅಂದರೆ ಈಗಿನದಲ್ಲ. ಆ ಕಾಲದ ಕಾರ್ಸೆಟ್. ಸೊಂಟವನ್ನು ಬಿಗಿದು, ಬೆನ್ನ ಹಿಂದೆ ದಾರ ಎಳೆದು ಕಟ್ಟುವಂಥದ್ದು, ಸ್ಯಾಟಿನ್ನು, ರೇಷ್ಮೆ, ಲೇಸು, ಕಸೂತಿ. ಅವಳ ಗಿರಾಕಿಗಳಲ್ಲಿ ಫಿಫ್ತ್ ಅವೆನ್ಯೂದ ಶ್ರೀಮಂತ ಬಿಳಿ ಹೆಂಗಸು ಮಿಸೆಸ್ ವ್ಯಾನ್ ಬ್ಯೂರೆನ್ ಇದ್ದಾಳೆ, ಟೆಂಡರ್‌ಲಾಯ್ನ್ ಅನ್ನುವ ಕಡೆ ಮೈ ಮಾರಿ ಬದುಕುವ ಮೇಮ್ ಅನ್ನುವ ಕಪ್ಪು ಹುಡುಗಿಯೂ ಇದ್ದಾಳೆ. ದೊಡ್ಡ ಮನೆಯವಳಿಗೆ ಮೇಮ್ ಹಾಕುವಂಥದ್ದು ಬೇಕು. ಮೇಮ್‌ಗೆ ದೊಡ್ಡ ಮನೆಯವಳು ಹಾಕುವಂಥದ್ದು ಬೇಕು. ಇಬ್ಬರ ಮೈಯ ಅಳತೆಯೂ ಗೊತ್ತಿರುವವಳು ಎಸ್ತರ್ ಒಬ್ಬಳೇ.

ಅವಳಿಗೊಂದು ಆಸೆ. ಕಪ್ಪು ಹೆಂಗಸರಿಗೆ ಅಂತ ಒಂದು ಬ್ಯೂಟಿ ಪಾರ್ಲರ್ ತೆರೆಯಬೇಕು. ಒಳಗೆ ಬಂದವರನ್ನು ಕೂರಿಸಿ, ಮರ್ಯಾದೆ ಕೊಟ್ಟು, ದೊಡ್ಡ ಮನೆಯ ಹೆಂಗಸರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಬೇಕು. ಅದಕ್ಕಾಗಿ ವರ್ಷಗಟ್ಟಲೆ ದುಡಿದ ದುಡ್ಡನ್ನು ತನ್ನ ಹಾಸಿಗೆಯ ಮೇಲಿನ ಕೌದಿಯೊಳಗೆ ಇಟ್ಟು ಹೊಲಿದಿದ್ದಾಳೆ. ಹೌದು, ಕೌದಿಯೇ. ಹಳೆ ಬಟ್ಟೆಯ ಚೂರುಗಳನ್ನು ಸೊಟ್ಟಪಟ್ಟ ಜೋಡಿಸಿ ಹೊಲಿದ ಹೊದಿಕೆ. ಇಲ್ಲಿನವರು ಅದಕ್ಕೆ ಬೇರೆ ಹೆಸರು ಹೇಳುತ್ತಾರೆ, ನೋಡಿದರೆ ನಮ್ಮಜ್ಜಿ ಮನೆಯ ಕೌದಿಯ ತಂಗಿಯ ಹಾಗಿದೆ. ಅದು ವೇದಿಕೆಯ ಮೇಲೆ ಕಂಡಾಗ ಅವ್ವ ನನ್ನ ಮೊಣಕೈ ತಿವಿದಳು.

ಇದು ಸುಮ್ನೆ ಕಟ್ಟಿದ ಕನಸಲ್ಲ ಅನ್ನುವುದನ್ನೂ ಹೇಳಬೇಕು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲೇ ಮೇಡಮ್ ಸಿ. ಜೆ. ವಾಕರ್ ಅನ್ನುವ ಕಪ್ಪು ಹೆಂಗಸು, ಒಂದು ಕಾಲದಲ್ಲಿ ಬಟ್ಟೆ ಒಗೆದು ಹೊಟ್ಟೆ ಹೊರೆದವಳು, ಕಪ್ಪು ಹೆಂಗಸರ ಕೂದಲ ಆರೈಕೆಯ ವ್ಯಾಪಾರ ಶುರುಮಾಡಿ ದೊಡ್ಡ ಶ್ರೀಮಂತೆಯಾದಳು. ಅಂದರೆ ಎಸ್ತರ್ ಕಂಡ ದಾರಿ ನಿಜವಾಗಿಯೂ ಇತ್ತು. ಅದೇ ಹೊಟ್ಟೆ ಉರಿಸುವುದು.

ಇನ್ನು ಮುಂದೆ ಕಥೆ ಪೂರ್ತಿ ಹೇಳುತ್ತೇನೆ. ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ. ನನ್ನನ್ನು ಕೇಳಿದರೆ, ಕಥೆ ಗೊತ್ತಿದ್ದು ನೋಡಿದರೂ ಏನೂ ಕಡಿಮೆಯಾಗುವುದಿಲ್ಲ.

ಒಂದು ದಿನ ಎಸ್ತರ್‌ಗೆ ಪನಾಮಾದಿಂದ ಕಾಗದ ಬರುತ್ತದೆ. ಬರೆದವನು ಜಾರ್ಜ್ ಆರ್ಮ್‌ಸ್ಟ್ರಾಂಗ್. ಬಾರ್ಬಡೋಸಿನವನು, ಪನಾಮಾ ಕಾಲುವೆ ಅಗೆಯುವ ಕೂಲಿ. ಅವಳ ಚರ್ಚಿನ ಹಿರಿಯರೊಬ್ಬರ ಮಗ ಅಲ್ಲೇ ಕೆಲಸಕ್ಕಿದ್ದಾನೆ, ಅವನ ಬಾಯಲ್ಲಿ ಇವಳ ಹೆಸರು ಕೇಳಿ ಬರೆದಿದ್ದಾನೆ. ಎಸ್ತರ್‌ಗೆ ಓದಲು ಬರೆಯಲು ಬಾರದು. ಬೋರ್ಡಿಂಗ್ ಮನೆಯ ಯಜಮಾನಿ ಮಿಸೆಸ್ ಡಿಕ್ಸನ್‌ಗೆ ಈ ಕಾಗದದ ಸ್ನೇಹ ಸ್ವಲ್ಪವೂ ಇಷ್ಟವಿಲ್ಲ. ಹಾಗಾಗಿ ಉತ್ತರ ಬರೆದುಕೊಡುವವಳು ಮಿಸೆಸ್ ವ್ಯಾನ್ ಬ್ಯೂರೆನ್. ಆಮೇಲೆ ಮೇಮ್ ಕೂಡ ಬರೆದುಕೊಡುತ್ತಾಳೆ. ಕಾಗದ ಹೋಗುತ್ತದೆ, ಬರುತ್ತದೆ, ಮಾತು ಬಿಸಿಯಾಗುತ್ತದೆ. ಮೊದಲ ಭಾಗ ಮುಗಿಯುವುದು ಅವರಿಬ್ಬರ ಮದುವೆಯಲ್ಲಿ. ಒಬ್ಬರ ಮುಖ ಒಬ್ಬರು ಮೊದಲ ಸಲ ನೋಡುವುದೂ ಆಗಲೇ.

ಆದರೆ ನನ್ನ ಮಟ್ಟಿಗೆ ನಾಟಕದ ಜೀವ ಇರುವುದು ಬೇರೆ ಕಡೆ. ಆರ್ಚರ್ಡ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ.

ಆ ಅಂಗಡಿ ಮಾರ್ಕ್ಸ್ ಅನ್ನುವವನದು. ರೊಮೇನಿಯಾ ಕಡೆಯಿಂದ ಬಂದ ಯಹೂದಿ, ಆಚಾರ ಬಿಡದವನು. ಯಾವಾಗಲೂ ಕಪ್ಪು ಬಟ್ಟೆ. ಊರಲ್ಲಿ ಮನೆಯವರು ಗೊತ್ತು ಮಾಡಿದ ಹೆಣ್ಣು ಇದ್ದಾಳೆ, ಅವಳನ್ನು ಇವನು ಕಣ್ಣಿಂದ ನೋಡಿಯೇ ಇಲ್ಲ. ಎಸ್ತರ್ ವಾರಕ್ಕೋ ಹದಿನೈದು ದಿನಕ್ಕೋ ಬಟ್ಟೆ ಕೊಳ್ಳಲು ಬರುತ್ತಾಳೆ. ಅವಳಿಗಾಗಿ ಅವನು ಒಳ್ಳೆಯ ಥಾನು ಎತ್ತಿಟ್ಟಿರುತ್ತಾನೆ. ಬಿಚ್ಚಿ ಹರಡುತ್ತಾನೆ. ಇದು ಎಲ್ಲಿಂದ ಬಂತು, ಯಾರು ನೇಯ್ದರು, ಬಣ್ಣ ಹೇಗೆ ಕಟ್ಟಿದರು ಅಂತ ಹೇಳುತ್ತಾನೆ. ಅವಳು ಬೆರಳ ತುದಿಯಲ್ಲಿ ಮುಟ್ಟಿ ನೋಡುತ್ತಾಳೆ. ಇಬ್ಬರೂ ಸುಮ್ಮನಾಗುತ್ತಾರೆ. ಅಷ್ಟೇ. ಇಡೀ ನಾಟಕದಲ್ಲಿ ಇದಕ್ಕಿಂತ ದೊಡ್ಡ ಪ್ರೇಮದ ದೃಶ್ಯ ಇಲ್ಲ.

ಒಂದು ಸಲ ಬಟ್ಟೆ ಎಷ್ಟು ಚೆನ್ನಾಗಿದೆ ಅಂದರೆ, ಆ ಖುಷಿಯಲ್ಲಿ ಎಸ್ತರ್ ಅವನ ಕೈ ಹಿಡಿದುಬಿಡುತ್ತಾಳೆ. ಅವನು ಬೆಂಕಿ ತಾಗಿದವನ ಹಾಗೆ ಕೈ ಎಳೆದುಕೊಳ್ಳುತ್ತಾನೆ. ಅವಳ ಮುಖ ಬಾಡುತ್ತದೆ. ನನ್ನ ಬಣ್ಣ ನಿಮಗೆ ಹತ್ತುವುದಿಲ್ಲ ಅನ್ನುವ ಅರ್ಥದ ಮಾತು ಹೇಳುತ್ತಾಳೆ. ಅವನು ಗಾಬರಿಯಾಗಿ, ಅಯ್ಯೋ ಅದಲ್ಲ, ಹೆಂಡತಿ ಅಥವಾ ಹತ್ತಿರದ ಸಂಬಂಧಿಕರನ್ನು ಬಿಟ್ಟು ಬೇರೆ ಹೆಣ್ಣನ್ನು ಮುಟ್ಟಬಾರದು ಅನ್ನುವುದು ನಮ್ಮ ಧರ್ಮದ ಕಟ್ಟಳೆ ಅಂತ ವಿವರಿಸುತ್ತಾನೆ.

ನಮ್ಮ ಕಡೆಯಿಂದ ಬಂದವರಿಗೆ ಈ ದೃಶ್ಯ ಎರಡು ಸಲ ತಾಗುತ್ತದೆ. ಮಡಿ ಅಂತ ಕೈ ಹಿಂದೆ ತೆಗೆದುಕೊಳ್ಳುವುದನ್ನೂ ನಾವು ನೋಡಿದ್ದೇವೆ, ಜಾತಿ ಅಂತ ಹಿಂದೆ ತೆಗೆದುಕೊಳ್ಳುವುದನ್ನೂ ನೋಡಿದ್ದೇವೆ. ಕೈ ಚಾಚಿ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಯಾಕೆ ಹಿಂದೆ ಹೋಯಿತು ಅಂತ ಕೈ ಮೇಲೆ ಬರೆದಿರುವುದಿಲ್ಲವಲ್ಲ. ಜೀವನವೆಲ್ಲ ಒಂದೇ ಕಾರಣಕ್ಕೆ ದೂರ ಸರಿಸಿಕೊಂಡವಳು, ಇದೂ ಅದೇ ಅಂದುಕೊಂಡರೆ ತಪ್ಪೇನಿದೆ? ನಮ್ಮ ತಂಡದ ಎಸ್ತರ್ ಪಾತ್ರದ ನಟಿ ಆ ಕ್ಷಣ ಏನೂ ಜಾಸ್ತಿ ಮಾಡಲಿಲ್ಲ. ಎಳೆದುಹೋದ ಕೈಯನ್ನು ನೋಡಲಿಲ್ಲ, ತನ್ನ ಕೈಯನ್ನು ನೋಡಿಕೊಂಡಳು. ಆಮೇಲೆ ನಿಧಾನ ಅದನ್ನು ಬಟ್ಟೆಯ ಮೇಲೆ ಇಟ್ಟಳು. ಸಭಾಂಗಣದಲ್ಲಿ ಒಂದು ಕೆಮ್ಮೂ ಇಲ್ಲ.

ನಾಟಕದ ದೃಶ್ಯಗಳಿಗೆಲ್ಲ ಬಟ್ಟೆಯ ಹೆಸರೇ ಇಟ್ಟಿದ್ದಾರೆ. ಮೊದಲ ದೃಶ್ಯದ ಹೆಸರು ಮದುವೆಯ ಕಾರ್ಸೆಟ್, ಗುಲಾಬಿ ಹೂಗಳಿರುವ ಬಿಳಿ ಸ್ಯಾಟಿನ್. ಕೆಳಗೆ ಬೇರೆ ಹುಡುಗಿಯ ಮದುವೆಯ ಸಂಭ್ರಮ ನಡೆಯುತ್ತಿರುತ್ತದೆ, ಮೇಲೆ ಎಸ್ತರ್ ಒಬ್ಬಳೇ ಕೂತು ಅವಳಿಗಾಗಿಯೇ ಹೊಲಿಯುತ್ತಿರುತ್ತಾಳೆ. ಅಕ್ಷರ ಬಾರದ ಈ ಹೆಂಗಸಿಗೆ ಬಟ್ಟೆ ಓದಲು ಬರುತ್ತದೆ. ಬೆರಳಿಟ್ಟರೆ ಸಾಕು, ಎಷ್ಟು ಬೆಲೆಯದು, ಎಷ್ಟು ತಾಳುತ್ತದೆ, ಯಾರ ಮೈಗೆ ಒಪ್ಪುತ್ತದೆ ಎಲ್ಲ ಗೊತ್ತು. ಪನಾಮಾದ ಕಾಗದ ಮಾತ್ರ ಬೇರೆಯವರ ಬಾಯಿಂದ ಕೇಳಬೇಕು. ಅವಳು ಮೋಸ ಹೋಗುವುದು ತನಗೆ ಓದಲು ಬಾರದ ವಿಷಯದಲ್ಲಿ. ಓದಲು ಬರುವ ವಿಷಯದಲ್ಲಿ ಅವಳು ಒಂದು ಸಲವೂ ಮೋಸ ಹೋಗಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೋಡುತ್ತ ನೋಡುತ್ತ ನಮಗೇ ಹೊಳೆಯುತ್ತದೆ.

ಕಾಗದದ ವಿಷಯಕ್ಕೆ ಬರೋಣ. ಮದುವೆಯಾದ ಮೇಲೆ ಗೊತ್ತಾಗುತ್ತದೆ, ಜಾರ್ಜ್‌ಗೂ ಬರೆಯಲು ಬಾರದು. ಅವನೂ ದುಡ್ಡು ಕೊಟ್ಟು ಬೇರೆಯವನ ಕೈಯಲ್ಲಿ ಬರೆಸಿದ್ದ. ಯೋಚನೆ ಮಾಡಿ. ಪ್ರೀತಿಸಿ ಮದುವೆಯಾದ ಇಬ್ಬರಲ್ಲಿ ಒಬ್ಬರೂ ಒಂದು ಅಕ್ಷರ ಬರೆದಿಲ್ಲ. ಪ್ರೀತಿ ನಡೆದದ್ದು ಬರೆದವರ ನಡುವೆ. ಹಾಗಾದರೆ ಆ ಕಾಗದಗಳಲ್ಲಿದ್ದ ಆಸೆ ಯಾರದ್ದು? ನನಗನ್ನಿಸುವುದು, ಅದರಲ್ಲಿ ಅರ್ಧ ಮಿಸೆಸ್ ವ್ಯಾನ್ ಬ್ಯೂರೆನ್‌ದು. ಮಕ್ಕಳಿಲ್ಲ ಅಂತ ಗಂಡನ ಕೈಲಿ ಬೈಸಿಕೊಳ್ಳುವವಳು, ದೊಡ್ಡ ಮನೆಯಲ್ಲಿ ಮಾತಾಡಲು ಒಂದು ಜೀವ ಇಲ್ಲದವಳು. ತನ್ನ ಹೆಸರಲ್ಲಿ ಬರೆಯಲಾಗದ್ದನ್ನು ಎಸ್ತರ್ ಹೆಸರಲ್ಲಿ ಬರೆದಳು.

ಅದಕ್ಕೇ ಎರಡನೇ ಭಾಗದಲ್ಲಿ ಅವಳು ಎಸ್ತರ್‌ಗೆ ಮುತ್ತು ಕೊಡುವುದು ನನಗೆ ಅಚಾನಕ್ ಅನ್ನಿಸಲಿಲ್ಲ. ಎಸ್ತರ್ ಹಿಂದೆ ಸರಿಯುತ್ತಾಳೆ. ನಾವು ಸ್ನೇಹಿತೆಯರಲ್ವಾ ಅನ್ನುವ ಧಾಟಿಯಲ್ಲಿ ಆಕೆ ಮಾತಾಡಿದಾಗ, ನಿಮ್ಮ ಮನೆಯ ಮುಂಬಾಗಿಲಿಂದ ನಾನು ಒಂದು ದಿನವೂ ಒಳಗೆ ಬಂದಿಲ್ಲ, ಯಾವ ಸ್ನೇಹ ಇದು ಅಂತ ಎಸ್ತರ್ ಕೇಳುತ್ತಾಳೆ. ಇಡೀ ನಾಟಕದಲ್ಲಿ ಜನಾಂಗದ ಬಗ್ಗೆ ಭಾಷಣ ಅಂತ ಎಲ್ಲೂ ಇಲ್ಲ. ಈ ಒಂದು ಬಾಗಿಲಿನ ಮಾತು ಸಾಕು. ಬೆತ್ತಲೆ ಬೆನ್ನಿಗೆ ಕಾರ್ಸೆಟ್ ಬಿಗಿಯುವಷ್ಟು ಹತ್ತಿರ ಬರಬಹುದು, ಮುಂಬಾಗಿಲಿಂದ ಬರುವ ಹಾಗಿಲ್ಲ. ಊರಲ್ಲಿ ಹಿತ್ತಲ ಬಾಗಿಲಿಂದ ಬಂದು ಹೋಗುತ್ತಿದ್ದವರ ಮುಖಗಳು ಒಂದೊಂದಾಗಿ ನನ್ನ ಕಣ್ಣ ಮುಂದೆ ಬಂದವು.

ಆದರೆ ಈ ಪಾತ್ರ ಮಾಡಿದ ನಟಿಯ ಬಗ್ಗೆ ನನಗೆ ತಕರಾರಿದೆ. ಮೊದಲಿಂದಲೂ ಆಕೆಯನ್ನು ಕೆಟ್ಟ ಶ್ರೀಮಂತೆಯ ಹಾಗೆ ಆಡಿದರು. ಮೂಗು ಮೇಲೆ, ದನಿ ಮೇಲೆ. ಹಾಗೆ ಆಡಿದರೆ ಮುತ್ತಿನ ದೃಶ್ಯದಲ್ಲಿ ಜನ ನಗುತ್ತಾರೆ. ನಗೆ ಬಂತು ಕೂಡ, ಹಿಂದಿನ ಸಾಲಿಂದ. ಎಸ್ತರ್ ಮಾತಿಗೆ ಬೇಕಿದ್ದ ಮೌನ ಆ ನಗೆಯಲ್ಲಿ ಹೋಯಿತು. ಆಕೆ ಒಳ್ಳೆಯವಳೇ ಆಗಿದ್ದರೂ ಬಾಗಿಲು ಮುಚ್ಚಿಯೇ ಇರುತ್ತದೆ, ಅದಲ್ವಾ ನೋವು?

ಜಾರ್ಜ್ ಬಗ್ಗೆ ಸ್ವಲ್ಪ ಉದ್ದ ಬರೆಯಲೇಬೇಕು. ನಾಟಕ ನೋಡಿ ಹೊರಗೆ ಬಂದವರಲ್ಲಿ ಹೆಚ್ಚಿನವರು ಅವನನ್ನು ಬೈಯುತ್ತಿದ್ದರು. ಬೈಯುವಂಥ ಕೆಲಸ ಮಾಡುತ್ತಾನೆ ನಿಜ. ನ್ಯೂಯಾರ್ಕಿಗೆ ಬಂದ ಮೇಲೆ ಕೆಲಸ ಸಿಗುವುದಿಲ್ಲ, ಕುಡಿಯುತ್ತಾನೆ, ಅಲೆಯುತ್ತಾನೆ. ಸಾಮಾನು ಎಳೆಯುವ ಕುದುರೆಗಳನ್ನು ಕೊಂಡು ವ್ಯಾಪಾರ ಮಾಡುತ್ತೇನೆ, ದುಡ್ಡು ಕೊಡು ಅಂತ ಹೆಂಡತಿಯ ಬೆನ್ನು ಬೀಳುತ್ತಾನೆ. ಕೊನೆಗೆ ಎಸ್ತರ್ ಕೌದಿಯನ್ನು ಹರಿದು ಅಷ್ಟೂ ದುಡ್ಡು ಕೊಡುತ್ತಾಳೆ. ಹರಿಯುವ ಸದ್ದು ಇದೆಯಲ್ಲ, ಅದು ಕಿವಿಯಿಂದ ಹೋಗುವುದಿಲ್ಲ. ದುಡ್ಡು ಹೋಗುತ್ತದೆ. ಪಾರ್ಲರ್ ಹೋಗುತ್ತದೆ.

ಆದರೆ ಅವನು ಎಲ್ಲಿಂದ ಬಂದ ಅನ್ನುವುದನ್ನು ಮರೆಯಬಾರದು. ಅಮೆರಿಕ ಪನಾಮಾ ಕಾಲುವೆಯ ಕೆಲಸ ಕೈಗೆತ್ತಿಕೊಂಡದ್ದು 1904ರಲ್ಲಿ, ಕಾಲುವೆ ತೆರೆದದ್ದು 1914ರಲ್ಲಿ. ಅಗೆದವರಲ್ಲಿ ಬಹಳ ಜನ ಕೆರಿಬಿಯನ್ ದ್ವೀಪಗಳ ಕಪ್ಪು ಕೂಲಿಗಳು. ಬಾರ್ಬಡೋಸ್ ಅನ್ನುವ ಪುಟ್ಟ ದ್ವೀಪ ಒಂದರಿಂದಲೇ ಸುಮಾರು 20,000 ಜನರನ್ನು ಕರೆತಂದಿದ್ದರು. ಅಲ್ಲಿ ಸಂಬಳದ ಪಟ್ಟಿ ಎರಡು. ಬಿಳಿ ಅಮೆರಿಕನ್ನರದ್ದು 'ಗೋಲ್ಡ್ ರೋಲ್', ಇವರದ್ದು 'ಸಿಲ್ವರ್ ರೋಲ್'. ಒಂದು ಕಡೆ ಚಿನ್ನದ ನಾಣ್ಯ, ಇನ್ನೊಂದು ಕಡೆ ಬೆಳ್ಳಿ. ಊಟ ಬೇರೆ, ವಸತಿ ಬೇರೆ, ಅಂಗಡಿಯ ಸಾಲು ಬೇರೆ. ಮಲೇರಿಯಾ, ಹಳದಿ ಜ್ವರ, ಸಿಡಿಮದ್ದಿನ ಅವಘಡ. ಅಮೆರಿಕದ ಕಾಲದಲ್ಲೇ 5,600ಕ್ಕೂ ಹೆಚ್ಚು ಜನ ಸತ್ತರು ಅಂತ ಅಧಿಕೃತ ಲೆಕ್ಕ. ಅವರಲ್ಲಿ ಹೆಚ್ಚಿನವರು ಈ ದ್ವೀಪಗಳವರೇ. ಅಂಥ ಕೆಸರಿನಿಂದ ಎದ್ದು ಬಂದವನಿಗೆ ನ್ಯೂಯಾರ್ಕಿನಲ್ಲೂ ಕೆಲಸದ ಸಾಲಿನಲ್ಲಿ ಕೊನೆಯ ಜಾಗವೇ. ಅವನಿಗೂ ಆಸೆ ಇತ್ತು. ಅವನ ಆಸೆಗೆ ಕೌದಿ ಇರಲಿಲ್ಲ. ಅದು ಅವನನ್ನು ಒಳ್ಳೆಯವನನ್ನಾಗಿ ಮಾಡುವುದಿಲ್ಲ, ನನಗೂ ಅವನ ಮೇಲೆ ಸಿಟ್ಟು ಹೋಗಿಲ್ಲ. ಆದರೆ ಬರೀ ಖಳ ಅಂತ ನೋಡಿದರೆ ನಾಟಕದ ಅರ್ಧ ಕೈತಪ್ಪುತ್ತದೆ. ಈ ಪಾತ್ರ ಮಾಡಿದ ಹುಡುಗ ಚೆನ್ನಾಗಿ ಮಾಡಿದ. ಬಾರ್ಬಡೋಸಿನ ಮಾತಿನ ಧಾಟಿ ಕೆಲವು ಕಡೆ ಕೈಕೊಟ್ಟಿತು, ಅದು ದೊಡ್ಡ ಮಾತಲ್ಲ. ತಾನು ಬರೆಸಿದ ಕಾಗದದ ವಿಷಯ ಒಪ್ಪಿಕೊಳ್ಳುವಾಗ ಅವನ ದನಿ ಎಷ್ಟು ಸಣ್ಣದಾಯಿತು ಅಂದರೆ, ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಕಂಡ.

ನಾಟಕದ ಬರವಣಿಗೆಯಲ್ಲೇ ಒಂದು ಕಡೆ ನನಗೆ ಮೊದಲು ಇರಿಸುಮುರಿಸಾಯಿತು. ಜಾರ್ಜ್ ಹೋಗಿ ಬೀಳುವುದು ಮೇಮ್ ಮನೆಗೇ. ಅಷ್ಟು ದೊಡ್ಡ ನ್ಯೂಯಾರ್ಕಿನಲ್ಲಿ ಹೆಂಡತಿಯ ಗೆಳತಿಯೇ ಸಿಗಬೇಕಾ ಅಂತ. ಮನೆಗೆ ಬಂದು ಯೋಚಿಸಿದಾಗ ಅಷ್ಟೇನೂ ಅಸಹಜ ಅಲ್ಲ ಅನ್ನಿಸಿತು. ಆಗ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆ ಇನ್ನೂ ಕಪ್ಪು ಜನರ ಊರು ಆಗಿರಲಿಲ್ಲ, ಆಗಷ್ಟೇ ಒಂದೊಂದು ಬೀದಿ ತೆರೆಯುತ್ತಿತ್ತು. ಮ್ಯಾನ್‌ಹ್ಯಾಟನ್ನಿನಲ್ಲಿ ಅವರು ಇರಬಹುದಾಗಿದ್ದ ಜಾಗವೇ ಟೆಂಡರ್‌ಲಾಯ್ನ್, ಸ್ಯಾನ್ ವಾನ್ ಹಿಲ್ ಅಂತ ಕೆಲವು ಬೀದಿಗಳು. ಊರು ದೊಡ್ಡದು, ಅವರ ಪಾಲಿನ ಊರು ಚಿಕ್ಕದು. ಆದರೂ ಎರಡನೇ ಭಾಗ ಓಡುತ್ತದೆ. ಮೊದಲ ಭಾಗದಲ್ಲಿ ಬಟ್ಟೆ ಬಿಚ್ಚಿದಷ್ಟು ನಿಧಾನವಾಗಿ ಬಿಚ್ಚಿಕೊಂಡ ಕಥೆ, ಇಲ್ಲಿ ಒಂದರ ಮೇಲೊಂದು ಏಟು ಹಾಕುತ್ತದೆ.

ಮೇಮ್ ಪಾತ್ರ ಮಾಡಿದ ಹುಡುಗಿ ಪಿಯಾನೋ ನಿಜವಾಗಿಯೂ ನುಡಿಸಿದಳು. ಮೇಮ್‌ಗೂ ಒಂದು ಆಸೆ ಇದೆ, ದೊಡ್ಡ ಸಭೆಯಲ್ಲಿ ಪಿಯಾನೋ ನುಡಿಸಬೇಕು ಅಂತ. ಅವಳೂ ಎಸ್ತರ್ ಕೂತು ನಗುವ ದೃಶ್ಯಗಳಲ್ಲಿ ಮಾತ್ರ ಈ ನಾಟಕ ಸ್ವಲ್ಪ ಉಸಿರು ಬಿಡುತ್ತದೆ.

ಇದನ್ನು ಬರೆದವರು ಲಿನ್ ನಾಟೇಜ್. ಪುಲಿಟ್ಜರ್ ಬಹುಮಾನ ಎರಡು ಸಲ ಬಂದಿದೆ, 2009ರಲ್ಲಿ ಮತ್ತು 2017ರಲ್ಲಿ. ಈ ನಾಟಕ ಅದಕ್ಕೂ ಮುಂಚಿನದು, 2003ರಲ್ಲಿ ಬಾಲ್ಟಿಮೋರಿನಲ್ಲಿ ಮೊದಲು ಆಡಿದ್ದು, 2004ರಲ್ಲಿ ನ್ಯೂಯಾರ್ಕಿನಲ್ಲಿ ವಯೋಲಾ ಡೇವಿಸ್ ಎಸ್ತರ್ ಆಗಿದ್ದರು. ಆಮೇಲೆ ಇದೇ ಕಥೆ ಆಪೆರಾ ಕೂಡ ಆಯಿತು, ಅದಕ್ಕೂ ಮಾತು ಬರೆದವರು ನಾಟೇಜ್ ಅವರೇ. ಅವರ ಮುತ್ತಜ್ಜಿ ಬಾರ್ಬಡೋಸಿನಿಂದ ಒಬ್ಬಳೇ ನ್ಯೂಯಾರ್ಕಿಗೆ ಬಂದು ಒಳಉಡುಪು ಹೊಲಿದು ಬದುಕಿದವರು, ಪನಾಮಾದಲ್ಲಿದ್ದ ಕೂಲಿಯೊಬ್ಬನ ಜೊತೆ ಕಾಗದ ಬರೆದುಕೊಂಡು ಮದುವೆಯಾದವರು. ಮನೆಯಲ್ಲಿ ಒಂದು ಹಳೆ ಫೋಟೋ ಸಿಕ್ಕಾಗ ಕೇಳಿ ತಿಳಿದುಕೊಳ್ಳಲು ಯಾರೂ ಉಳಿದಿರಲಿಲ್ಲವಂತೆ. ತಾಯಿ ತೀರಿಕೊಂಡಿದ್ದರು, ಅಜ್ಜಿಗೆ ಮರೆವು. ಅದಕ್ಕೇ ಗ್ರಂಥಾಲಯಕ್ಕೆ ಹೋಗಿ ಹುಡುಕಿ, ಸಿಗದ್ದನ್ನು ಕಟ್ಟಿ ಬರೆದರು.

ಆ ಫೋಟೋ ನಾಟಕದೊಳಗೂ ಬಂದು ಕೂತಿದೆ. ಮೊದಲ ಭಾಗದ ಕೊನೆಯಲ್ಲಿ ಮದುವೆಯ ಜೋಡಿ ಕ್ಯಾಮೆರಾಗೆ ನಿಲ್ಲುತ್ತದೆ. ಫಳ್ ಅಂತ ಬೆಳಕು. ಗೋಡೆಯ ಮೇಲೆ ಹಳೆ ಕಂದು ಬಣ್ಣದ ಚಿತ್ರ, ಕೆಳಗೆ ಬರಹ: ಗುರುತು ಸಿಗದ ನೀಗ್ರೋ ದಂಪತಿ, ಸುಮಾರು 1905. ಎರಡನೇ ಭಾಗದ ಕೊನೆಯಲ್ಲಿ ಅವಳೊಬ್ಬಳೇ, ಹೊಲಿಗೆ ಮಷಿನ್ ಮುಂದೆ: ಗುರುತು ಸಿಗದ ನೀಗ್ರೋ ಹೊಲಿಗೆಯವಳು, ಸುಮಾರು 1905. ಎರಡು ಗಂಟೆ ನಾವು ಅವಳ ಹೆಸರು ಕೇಳಿದ್ದೇವೆ. ಅವಳ ಊರು, ಉಳಿತಾಯ, ಅವಳು ಯಾವ ಬಟ್ಟೆಗೆ ಸೋಲುತ್ತಾಳೆ, ಎಲ್ಲ ಗೊತ್ತು. ಕಡತಕ್ಕೆ ಮಾತ್ರ ಗೊತ್ತಿಲ್ಲ.

ಇಲ್ಲಿ ತಂಡದ ಮೇಲೆ ನನ್ನ ದೊಡ್ಡ ದೂರು. ಎರಡನೇ ಚಿತ್ರ ಬರುವಾಗ ಪ್ರೊಜೆಕ್ಟರ್ ಸರಿಯಾಗಿ ಕೂರಿಸಿರಲಿಲ್ಲ, ಅಕ್ಷರ ಅರ್ಧ ಪರದೆಯ ಮಡಿಕೆಯಲ್ಲಿ ಹೋಯಿತು. ನನ್ನ ಪಕ್ಕದವರಿಗೆ ಓದಲಾಗಲೇ ಇಲ್ಲ. ಇಡೀ ನಾಟಕ ಆ ಒಂದು ಸಾಲಿಗಾಗಿ ಕಾಯುತ್ತಿರುತ್ತದೆ, ಅಲ್ಲಿ ಹೀಗಾಗಬಾರದಿತ್ತು. ಇನ್ನೊಂದು, ಪನಾಮಾದ ಕಾಗದಗಳನ್ನು ಜಾರ್ಜ್ ಓದುವಾಗ ಹಿಂದೆ ಮಳೆಯ ಸದ್ದು, ಕಪ್ಪೆಯ ಸದ್ದು, ಸಿಡಿಮದ್ದಿನ ಸದ್ದು ಎಲ್ಲ ಹಾಕಿದ್ದರು. ಮಾತು ಮುಳುಗಿಹೋಯಿತು. ಇಂಗ್ಲಿಷ್ ಕಷ್ಟಪಟ್ಟು ಕೇಳುವವರಿಗೆ ಇದು ದೊಡ್ಡ ತೊಂದರೆ. ಹೋಗುವವರು ಮುಂದಿನ ನಾಲ್ಕು ಸಾಲಿನಲ್ಲಿ ಕೂರಿ. ಕೈಗಳನ್ನು ನೋಡಬೇಕಾದ ನಾಟಕ ಇದು, ಹಿಂದೆ ಕೂತರೆ ಬರೀ ಮುಖ ಕಾಣುತ್ತದೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಕಾಲೇಜಿಗೆ ಹೋಗುವ ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ.

ಬಟ್ಟೆಗಳಿಗೆ ಮಾತ್ರ ಪೂರ್ತಿ ಅಂಕ ಕೊಡುತ್ತೇನೆ. ದೊಡ್ಡ ದುಡ್ಡಿಲ್ಲದ ತಂಡ, ಆದರೂ ಕಾರ್ಸೆಟ್ಟುಗಳು ನಿಜವಾದವು, ಥಾನುಗಳು ನಿಜವಾದವು. ಬಟ್ಟೆ ಅಂಗಡಿಯ ದೃಶ್ಯದಲ್ಲಿ ರೇಷ್ಮೆ ಬಿಚ್ಚಿದಾಗ ದೀಪದ ಬೆಳಕು ಅದರ ಮೇಲೆ ಹರಿದ ರೀತಿ ನೋಡಿ ಅವ್ವ "ಅಸಲಿ ಐತಿ" ಅಂದಳು. ಅವಳಿಂದ ಅಷ್ಟು ಬರುವುದೇ ಕಷ್ಟ. ಮಷಿನ್ ಕೂಡ ಕಾಲಲ್ಲಿ ತುಳಿಯುವ ಹಳೆಯದು. ಎಸ್ತರ್ ಪಾತ್ರದ ನಟಿಗೆ ತುಳಿಯುವುದು ಕಲಿಸಿದ್ದಾರೆ, ಕಾಲು ತಪ್ಪಲಿಲ್ಲ. ಆದರೆ ಒಂದು ಕಡೆ ದಾರ ಕತ್ತರಿಸಲು ಅವಳು ಕತ್ತರಿ ಹುಡುಕಿದಳು. ಅದು ಅವ್ವನಿಗೆ ಸರಿಬರಲಿಲ್ಲ. "ಹೊಲಿಯೂ ಹೆಣ್ಮಗಳು ಕತ್ರಿ ಹುಡುಕ್ತಾಳೇನು? ಹಲ್ಲಾಗ ಕಡಿತಾಳ" ಅಂತ ನನ್ನ ಕಿವಿಯಲ್ಲಿ ಹೇಳಿದಳು.

ಮರುವಾರ ಇಬ್ಬರೂ ಆರ್ಚರ್ಡ್ ಸ್ಟ್ರೀಟಿಗೆ ಹೋಗಿದ್ದೆವು. ಈಗ ಅಲ್ಲಿ ಹೋಟೆಲು, ಕಾಫಿ ಅಂಗಡಿ ಜಾಸ್ತಿ. ವಲಸೆ ಬಂದವರು ಇಕ್ಕಟ್ಟಿನಲ್ಲಿ ಬದುಕಿದ್ದ ಹಳೆ ಕಟ್ಟಡಗಳನ್ನು ಟೆನೆಮೆಂಟ್ ಮ್ಯೂಸಿಯಂ ಅಂತ ಉಳಿಸಿಕೊಂಡಿದ್ದಾರೆ. ಅಷ್ಟು ಸಣ್ಣ ಕೋಣೆ, ಅದರಲ್ಲೇ ಅಡುಗೆ, ಅದರಲ್ಲೇ ಹೊಲಿಗೆ. ಅವ್ವ ಕಿಟಕಿ ಎಲ್ಲಿದೆ ಅಂತ ನೋಡಿದಳು, ಸೂಜಿಗೆ ದಾರ ಪೋಣಿಸಲು ಬೆಳಕು ಎಲ್ಲಿಂದ ಬರುತ್ತಿತ್ತು ಅಂತ.

ಕೊನೆಗೆ ಒಂದು ಕೋಟಿನ ವಿಷಯ. ಮಾರ್ಕ್ಸ್ ಒಂದು ದಿನ ಜಪಾನಿನ ರೇಷ್ಮೆ ಬಿಚ್ಚಿ ತೋರಿಸುತ್ತಾನೆ. ಎಸ್ತರ್ ಅದರಲ್ಲಿ ಗಂಡನಿಗೆ ಅಂತ ಒಂದು ಕೋಟು ಹೊಲಿಯುತ್ತಾಳೆ, ಮನೆಯಲ್ಲಿ ಸಂಜೆ ಹೊತ್ತು ಹಾಕಿಕೊಳ್ಳುವಂಥದ್ದು. ಜಾರ್ಜ್ ಅದನ್ನು ಒಯ್ದು ಮೇಮ್‌ಗೆ ಕೊಡುತ್ತಾನೆ. ಮೇಮ್ ತನಗೆ ಬಂದ ಉಡುಗೊರೆ ಅಂತ ಖುಷಿಯಿಂದ ತೋರಿಸಿದಾಗ ಎಸ್ತರ್‌ಗೆ ಎಲ್ಲ ಗೊತ್ತಾಗುತ್ತದೆ. ತನ್ನ ಹೊಲಿಗೆ ತನಗೆ ಗೊತ್ತಾಗದೇ ಇರುತ್ತದಾ? ಅವಳು ಕಿರುಚಾಡುವುದಿಲ್ಲ. ಕೋಟು ತೆಗೆದುಕೊಂಡು ಆರ್ಚರ್ಡ್ ಸ್ಟ್ರೀಟಿಗೆ ಹೋಗಿ ಮಾರ್ಕ್ಸ್ ಕೈಗೆ ಕೊಡುತ್ತಾಳೆ. ಯಾವಾಗಲೂ ಕಪ್ಪು ಹಾಕುವ ಆ ಮನುಷ್ಯ ತನ್ನ ಕೋಟು ಕಳಚಿ ಆ ಬಣ್ಣದ ರೇಷ್ಮೆ ಹಾಕಿಕೊಳ್ಳುತ್ತಾನೆ. ಎಸ್ತರ್ ಧೈರ್ಯ ಮಾಡಿ ಎರಡೂ ಕೈ ಎತ್ತಿ ಅವನ ಹೆಗಲ ಮೇಲೆ ಬಟ್ಟೆಯನ್ನು ಸವರಿ ಸರಿಮಾಡುತ್ತಾಳೆ. ಅವನು ಹಿಂದೆ ಸರಿಯುವುದಿಲ್ಲ.

ಕಾರಿನಲ್ಲಿ ವಾಪಸ್ ಬರುವಾಗ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಅರ್ಥವಾಗಿಲ್ಲವೇನೋ ಅಂದುಕೊಂಡು, ಎಲ್ಲಿ ಗೊತ್ತಾಗಲಿಲ್ಲ ಹೇಳವ್ವಾ, ಹೇಳ್ತೀನಿ ಅಂದೆ.

"ಎಲ್ಲಾ ಗೊತ್ತಾತು ತಗೋ" ಅಂದಳು. ಸ್ವಲ್ಪ ದೂರ ಹೋದ ಮೇಲೆ ಅವಳೇ ಮತ್ತೆ ಹೇಳಿದಳು. "ಆ ಕೋಟು ಗಂಡನ ಅಳತೀಗೆ ಹೊಲಿದಿದ್ದಲ್ಲ ಬಿಡು. ಹೆಗಲ ನೋಡಿದ್ಯಾ? ಅಂಗಡ್ಯಾಂವಂಗ ಸರಿ ಕೂತಿತ್ತು."